ಯುದ್ಧದಲ್ಲಿರುವವರಿಗೆ ಕೊಡುವಂತಿಲ್ಲ

ಉತ್ತರದ ಈ ತೀರ್ಥಕ್ಷೇತ್ರದಲ್ಲಿ, ಕೇದಾರ ಘಾಟಿನ ಹಿಂದಿನ ಗಲ್ಲಿಯಲ್ಲಿ, ಒಂದು ಸಣ್ಣ ಲಾಡ್ಜ್ ಇದೆ. ನಡೆಸುವವರು ರಾಯಚೂರು ಕಡೆಯವರು. ಮೊದಲು ಇಲ್ಲಿಯ ಕನ್ನಡದವರ ಮಠದಲ್ಲಿ ಅಡುಗೆ ಮಾಡಿಕೊಂಡಿದ್ದರು, ಆಮೇಲೆ ಇದನ್ನು ಹಿಡಿದರು. ನಾನು ಅವರನ್ನು ಕಾಕಾ ಅನ್ನುತ್ತೇನೆ. ಅವರು ನನ್ನನ್ನು ಬಾಯಾರ ಅನ್ನುತ್ತಾರೆ. ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ನಮ್ಮ ಕಡೆ ಹಾಗೇ ಕರೆಯುವುದು. ನಾನು ಕಲಿಸುವುದು ಶಾಲೆಯಲ್ಲಲ್ಲ, ಇದೇ ಊರಿನ ಲಂಕಾ ಬಡಾವಣೆಯ ವಿಶ್ವವಿದ್ಯಾಲಯದಲ್ಲಿ, ಅಂತರರಾಷ್ಟ್ರೀಯ ಕಾನೂನು. ಕಾಕಾಗೆ ಎರಡೂ ಒಂದೇ. ಭಾನುವಾರ ಮಧ್ಯಾಹ್ನ ನಾನು ಅಲ್ಲಿಗೆ ಊಟಕ್ಕೆ ಹೋಗುತ್ತೇನೆ. ಜೋಳದ ರೊಟ್ಟಿ ಸಿಗುತ್ತದೆ, ಕನ್ನಡವೂ ಸಿಗುತ್ತದೆ. ಒಂಟಿ ಮನೆಯಲ್ಲಿ ಇವೆರಡನ್ನೂ ಮಾಡಿಕೊಳ್ಳುವುದು ಕಷ್ಟ.

ಒಂದು ಚಳಿಗಾಲ ಆ ಲಾಡ್ಜಿನ ಮೇಲಿನ ಮಹಡಿಯಲ್ಲಿ ಇಬ್ಬರು ವಿದೇಶಿಯರಿದ್ದರು. ಒಬ್ಬರು ಸ್ವಿಟ್ಜರ್ಲೆಂಡಿನ ನಿವೃತ್ತ ಇಂಜಿನಿಯರು, ಸಂಸ್ಕೃತ ಕಲಿಯಲು ಬಂದವರು. ಊಟಕ್ಕೆ ಕೂತಾಗಲೂ ವಿಭಕ್ತಿಗಳನ್ನು ಮೆಲ್ಲಗೆ ಗೊಣಗುತ್ತಿದ್ದರು. ಇನ್ನೊಬ್ಬಳು ಉಕ್ರೇನಿನ ಹೆಂಗಸು, ನಲವತ್ತರ ಆಸುಪಾಸು, ತಬಲಾ ಕಲಿಯುತ್ತಿದ್ದಳು. ಇಬ್ಬರೂ ಒಬ್ಬರಿಗೊಬ್ಬರು ಚಟ್ನಿ ದಾಟಿಸುವಷ್ಟು ಸ್ನೇಹಿತರಾಗಿದ್ದರು. ಆತ ಪಕ್ಕದ ಸೋನಾರ್‌ಪುರದಿಂದ ಸೀಬೆಹಣ್ಣು ತಂದರೆ ಅವಳ ಬಾಗಿಲ ಮುಂದೆ ಎರಡು ಇಟ್ಟು ಹೋಗುತ್ತಿದ್ದರು.

ಆ ಭಾನುವಾರ ಹೋದಾಗ ಆಕೆ ಊಟದ ಸಾಲಿನಲ್ಲಿರಲಿಲ್ಲ. ಕಾಕಾ ಹೊರಗೆ ಕೂತು ಹಸಿ ಬಟಾಣಿ ಬಿಡಿಸುತ್ತಿದ್ದರು.

"ಬಾಯಾರ, ಒಂದು ಲಫಡಾ ಆಗೇತ್ರಿ," ಅಂದರು. "ಆಕಿ ಊಟಕ್ಕ ಬರಾಕ ಒಲ್ಲೆ ಅಂತಾಳ. ಆ ಮುದುಕ ಕುಂತಲ್ಲಿ ನಾ ಕೂಡೂದಿಲ್ಲ ಅಂತಾಳ. ಯಾಕಂತ ಕೇಳಿದ್ರ ಇಂಗ್ಲಿಷಿನ್ಯಾಗ ಏನೇನೋ ಹೇಳ್ತಾಳ. ಗುಂಡು ಅಂತಾಳ, ಕಾನೂನು ಅಂತಾಳ. ನನಗ ತಿಳೀವಲ್ದು."

"ಊಟ ರೂಮಿಗೇ ಕಳಿಸ್ರಿ ಕಾಕಾ."

"ರೂಮಿನ್ಯಾಗ ಊಟ ಕೊಟ್ರ ಮಂಗ್ಯಾ ಬರ್ತಾವ್ರಿ. ಹೋದ ವರ್ಷ ಒಬ್ಬರ ಪಾಸ್‌ಪೋರ್ಟ್ ಒಯ್ದಾವ."

ಹಾಗಾಗಿ ಆಕೆ ಬಾಳೆಹಣ್ಣು ಮತ್ತು ಬ್ರೆಡ್ಡಿನ ಮೇಲೆ ಬದುಕುತ್ತಿದ್ದಳು. ಕಾಕಾಗೆ ಅದೇ ದೊಡ್ಡ ಸಂಕಟವಾಗಿತ್ತು. ಜಗಳ ಯಾವುದೇ ಇರಲಿ, ತಮ್ಮ ಲಾಡ್ಜಿನಲ್ಲಿ ಒಬ್ಬರು ಬ್ರೆಡ್ಡು ತಿನ್ನುವುದು ಅವರಿಗೆ ಅವಮಾನ. ನೀವು ಕಾನೂನು ಕಲಿಸ್ತೀರಿ, ನೀವೇ ಬಗೆಹರಸ್ರಿ ಅಂದರು.

ಮಾಳಿಗೆಗೆ ಹೋಗಿ ಆಕೆಯನ್ನು ಮಾತಾಡಿಸಿದೆ. ಬಿಸಿಲಲ್ಲಿ ಕೂತಿದ್ದಳು. ಸಂಗತಿ ಸರಳವಾಗಿತ್ತು. ಇಷ್ಟು ದಿನ ಆತನನ್ನು ಏನು ಕೆಲಸ ಮಾಡುತ್ತಿದ್ದಿರಿ ಅಂತ ಅವಳು ಕೇಳಿರಲಿಲ್ಲ. ಮೊನ್ನೆ ಊಟದ ನಡುವೆ ಕೇಳಿದಳು. ಆಯುಧ ತಯಾರಿಸುವ ಕಾರ್ಖಾನೆಯಲ್ಲಿ ಗುಂಡು, ಬಾಂಬುಗಳ ಪರೀಕ್ಷಕನಾಗಿದ್ದೆ ಅಂದರು ಆತ. ಅವಳ ತಂಗಿಯ ಗಂಡ ಯುದ್ಧ ಶುರುವಾದಾಗಿನಿಂದ ವಿಮಾನ ಹೊಡೆಯುವ ತೋಪಿನ ಜೊತೆಗಿದ್ದಾನೆ. ತೋಪು ಸ್ವಿಟ್ಜರ್ಲೆಂಡಿನ ಪಕ್ಕದ ದೇಶದವರು ಕೊಟ್ಟದ್ದು. ಅದರ ಗುಂಡು ಸ್ವಿಟ್ಜರ್ಲೆಂಡಿನದು. ಆ ದೇಶದ ಕಾನೂನಿನ ಪ್ರಕಾರ ಯುದ್ಧದಲ್ಲಿರುವವರಿಗೆ ಆಯುಧ ಕೊಡುವಂತಿಲ್ಲ. ಮೊದಲೇ ಕೊಂಡುಕೊಂಡವರೂ ಕೇಳದೆ ಅದನ್ನು ಬೇರೆಯವರಿಗೆ ದಾಟಿಸುವಂತಿಲ್ಲ. ಗುಂಡು ದಾಟಿಸಲೇ ಅಂತ ಆ ಪಕ್ಕದ ದೇಶದವರು ಕೇಳಿದರು, ಸ್ವಿಟ್ಜರ್ಲೆಂಡಿನವರು ಆಗುವುದಿಲ್ಲ ಅಂದರು.

"ಅವನ ಹತ್ತಿರ ತೋಪಿತ್ತು," ಅಂದಳು. "ಗುಂಡು ಎಣಿಸಿ ಹಾರಿಸಬೇಕಿತ್ತು. ಒಂದು ರಾತ್ರಿ ಊರ ಮೇಲೆ ಡ್ರೋನ್ ಹೋಗುವುದನ್ನು ಸುಮ್ಮನೆ ನೋಡುತ್ತ ನಿಂತಿದ್ದನಂತೆ. ಫೋನಿನಲ್ಲಿ ಅದನ್ನು ಹೇಳುವಾಗ ತಂಗಿ ಅಳಲಿಲ್ಲ. ಅದೇ ನನಗೆ ಭಯ."

ತಾಟಸ್ಥ್ಯದ ಕಾನೂನು ಇಬ್ಬರಿಗೂ ಒಂದೇ ಅಳತೆ ಹಿಡಿಯಬೇಕು ಅನ್ನುತ್ತದೆ ಅಂತ ನಾನು ತಿಳಿಸಿದೆ. ತರಗತಿಯಲ್ಲಿ ಹೇಳುವ ಮಾತೇ ಅದು.

"ಹೊಡೆಯಲು ಬಂದವನಿಗೂ ಮನೆಯಲ್ಲಿದ್ದವನಿಗೂ?"

"ಹೌದು, ಇಬ್ಬರಿಗೂ."

"ನೀವು ಚೆನ್ನಾಗಿ ಕಲಿಸುತ್ತೀರಿ ಅನಿಸುತ್ತದೆ," ಅಂದಳು. ಹೊಗಳಿದಳೋ ಬೈದಳೋ ನನಗೆ ತಿಳಿಯಲಿಲ್ಲ. ಆದರೂ ನನ್ನ ಜೊತೆ ಕೆಳಗೆ ಬಂದಳು. ಬಹುಶಃ ಹಸಿವಾಗಿತ್ತು.

ಕೆಳಗೆ ಊಟ ಮುಗಿದಿತ್ತು. ಇಂಜಿನಿಯರು ಒಬ್ಬರೇ ಕೂತು ಮಜ್ಜಿಗೆ ಕುಡಿಯುತ್ತಿದ್ದರು. ಆಕೆಯನ್ನು ನೋಡಿ ಎದ್ದು ನಿಂತರು. ಕಾಕಾ ನಡುವೆ ಬಟಾಣಿಯ ಬುಟ್ಟಿ ಇಟ್ಟುಕೊಂಡು ಕೂತರು. ಅವರಾಡಿದ್ದು ಇಂಗ್ಲಿಷ್. ನಾನು ಕಾಕಾಗೆ ಕನ್ನಡದಲ್ಲಿ ಹೇಳುತ್ತಾ ಹೋದೆ.

"ನಿಮ್ಮ ಗುಂಡುಗಳು ಒಳ್ಳೆಯವಾಗಿದ್ದವಾ?" ಆಕೆ ಕೇಳಿದಳು.

"ಬಹಳ ಒಳ್ಳೆಯವು."

"ಕೊಡಬಾರದು ಅಂತ ನೀವೂ ವೋಟು ಹಾಕಿದಿರಾ?"

"ಆ ಕಾನೂನು ಬಿಗಿಯಾಗಲಿ ಅಂತ ಮನವಿಗೆ ಸಹಿ ಹಾಕಿ, ಬೇರೆಯವರ ಸಹಿ ಕೇಳುತ್ತ ಬೀದಿಯಲ್ಲಿ ನಿಂತಿದ್ದೆ. ಈ ಯುದ್ಧಕ್ಕೆ ಮುಂಚೆ."

ಕಾರ್ಖಾನೆಯವರೇ ಹಾಗೆ ಮಾಡುತ್ತಾರಾ ಅಂತ ಕಾಕಾ ಕೇಳಿದರು. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ಆತ ಲೋಟ ಕೆಳಗಿಟ್ಟು ಹೇಳಿದರು. ಹಿಂದೊಮ್ಮೆ ಅವರ ಕಾರ್ಖಾನೆ ಒಂದು ಶ್ರೀಮಂತ ದೇಶಕ್ಕೆ ಕೈಬಾಂಬ್ ಮಾರಿತ್ತು. ಆ ದೇಶ ಯಾವ ಯುದ್ಧದಲ್ಲೂ ಇರಲಿಲ್ಲ, ಕಾಗದಪತ್ರ ಎಲ್ಲ ಸರಿಯಿತ್ತು. ಆ ದೇಶ ಅವನ್ನು ಬೇರೊಂದು ಯುದ್ಧಕ್ಕೆ ದಾಟಿಸಿತು. ಕೆಲವು ವರ್ಷದ ಮೇಲೆ ಒಬ್ಬ ಪತ್ರಕರ್ತ ಒಂದು ಫೋಟೋ ತಂದು ತೋರಿಸಿದ. ಎಲ್ಲಿಯದೋ ಹಳ್ಳಿ, ಅಡುಗೆಮನೆಯ ಗೋಡೆ, ನೆಲದ ಮೇಲೆ ಸಿಡಿಯದೆ ಉಳಿದ ಒಂದು ಕೈಬಾಂಬ್. ಅದರ ಮೇಲಿದ್ದ ಪರೀಕ್ಷಕನ ಗುರುತು ಇವರದು.

"ಒಂದು ಸಿಡಿದಿರಲಿಲ್ಲ," ಅಂದರು. "ಉಳಿದವು ನನ್ನ ಪರೀಕ್ಷೆಯ ಪ್ರಕಾರವೇ ಸಿಡಿದಿದ್ದವು. ಆ ಮನೆಯಲ್ಲಿ ಯಾರಿದ್ದರು ಅಂತ ಪತ್ರಕರ್ತ ಹೇಳಿದ. ನಾನು ಇಲ್ಲಿ ಅದನ್ನು ಹೇಳುವುದಿಲ್ಲ."

ಆಕೆ ಬುಟ್ಟಿಯಿಂದ ಒಂದು ಬಟಾಣಿ ತೆಗೆದು ಬಿಡಿಸಿದಳು. ಆಮೇಲೆ, "ಹಾಗಾದರೆ ಆ ಮನೆಯವರಿಗಾಗಿ ನಮ್ಮ ಮನೆಯವರು ಬರಿಗೈಯಲ್ಲಿ ನಿಂತರು," ಅಂದಳು.

"ಹೌದು," ಅಂದರು ಆತ.

ಕಾಕಾ ನನ್ನ ಕಡೆ ನೋಡಿದರು. "ಏನಂತ್ರಿ ಬಾಯಾರ?"

"ಹೌದು ಅಂದ್ರು."

"ಮತ್ತ ನಿಮ್ಮ ಕಾನೂನು ಏನ್ ಹೇಳ್ತೈತಿ?"

ಇಬ್ಬರಿಗೂ ಒಂದೇ ಅಳತೆ ಅನ್ನುತ್ತದೆ ಅಂದೆ. ಕಾಕಾ ಬಟಾಣಿ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು. ಬರುವಾಗ ಆಕೆಗೆ ಬಿಸಿ ರೊಟ್ಟಿ, ಎಣ್ಣೆಗಾಯಿ ತಂದರು. ಆಕೆ ತಿಂದಳು. ಇಂಜಿನಿಯರು ಎದ್ದು ಹೋಗಬೇಕೋ ಕೂರಬೇಕೋ ತಿಳಿಯದೆ ಕೂತೇ ಇದ್ದರು.

ಮಾರನೆಯ ದಿನದಿಂದ ಆಕೆ ಊಟಕ್ಕೆ ಬಂದಳು. ಸಾಲಿನ ಆ ತುದಿಯಲ್ಲಿ ಆತ, ಈ ತುದಿಯಲ್ಲಿ ಆಕೆ. ಕಾಕಾ ಪ್ರತಿ ಭಾನುವಾರ ನನಗೆ ಸುದ್ದಿ ಕೊಡುತ್ತಿದ್ದರು. "ಇಬ್ಬರ ನಡುವ ಈಗ ಬರೇ ಒಂದು ಬಂಗಾಲಿ ಕುಟುಂಬ ಐತ್ರಿ," ಅಂದರು ಒಮ್ಮೆ. ಬಂಗಾಲಿಗಳು ಊರಿಗೆ ಹೋದ ಮೇಲೂ ಆ ಜಾಗ ಖಾಲಿಯೇ ಇತ್ತು. ಸೀಬೆಹಣ್ಣೂ ನಿಂತಿತ್ತು. ನಾನು ಆ ವಾರಗಳಲ್ಲಿ ತಾಟಸ್ಥ್ಯದ ಪಾಠವನ್ನೇ ಮಾಡುತ್ತಿದ್ದೆ. ಪಾಠ ಎಂದಿನಂತೆ ನಡೆಯಿತು, ಆದರೆ ಒಂದೇ ಅಳತೆ ಅನ್ನುವ ಕಡೆ ಬಂದಾಗ ನನಗೆ ನೀರು ಕುಡಿಯಬೇಕು ಅನಿಸುತ್ತಿತ್ತು.

ಹೋಳಿ ಹಬ್ಬಕ್ಕೆ ಮುಂಚೆ ಆಕೆ ಹೊರಟಳು. ತಂಗಿಗೆ ಹೆರಿಗೆಯಿತ್ತು. ಗಲ್ಲಿಯೊಳಗೆ ಆಟೋ ಬರುವುದಿಲ್ಲ, ಸಾಮಾನು ಸೋನಾರ್‌ಪುರದ ರಸ್ತೆಯವರೆಗೆ ಹೊರಬೇಕು. ಇಂಜಿನಿಯರು ಮಾತಿಲ್ಲದೆ ದೊಡ್ಡ ಸೂಟ್‌ಕೇಸ್ ಎತ್ತಿಕೊಂಡರು. ಆಕೆ ಬೇಡ ಅನ್ನಲಿಲ್ಲ. ಹಿಂದೆ ನಾನು, ನನ್ನ ಹಿಂದೆ ಕಾಕಾ. ಒಂದು ಗೂಳಿ ದಾರಿ ಬಿಡಲಿ ಅಂತ ಎಲ್ಲರೂ ನಿಂತಾಗ ಆತ, "ನಾಳೆ ಮತ್ತೆ ಕೇಳಿದರೂ ನಾನು ಅದೇ ಸಹಿ ಹಾಕುತ್ತೇನೆ. ನಿಮಗೆ ತಿಳಿದಿರಲಿ ಅಂತ ಹೇಳಿದೆ," ಅಂದರು.

"ಗೊತ್ತು," ಅಂದಳು ಆಕೆ. "ಸೂಟ್‌ಕೇಸ್ ನೆಟ್ಟಗೆ ಹಿಡಿಯಿರಿ, ಒಳಗೆ ಉಪ್ಪಿನಕಾಯಿ ಇದೆ."

ಆಟೋ ಹತ್ತುವಾಗ ಆತನ ಕೈ ಕುಲುಕಿದಳು. ಅಷ್ಟೇ.

ಕೆಲವು ವಾರದ ಮೇಲೆ ಕಾಕಾ ಅವರ ಫೋನಿಗೆ ಆಕೆಯಿಂದ ಒಂದು ಫೋಟೋ ಬಂತು. ಕೂಸನ್ನು ನೋಡಲು ರಜೆ ಸಿಗದ ತಂಗಿಯ ಗಂಡ ತೋಪಿನ ಪಕ್ಕ ನಿಂತು ನಗುತ್ತಿದ್ದ. ಕಾಕಾ ಅದನ್ನು ಎಲ್ಲರಿಗೂ ತೋರಿಸಿದರು, ಇಂಜಿನಿಯರಿಗೂ. ಆತ ಕನ್ನಡಕ ಬದಲಿಸಿ, ಎರಡು ಬೆರಳಿನಿಂದ ಚಿತ್ರ ದೊಡ್ಡದು ಮಾಡಿ, ಆ ಮನುಷ್ಯನ ಕಾಲ ಬಳಿ ಪೇರಿಸಿದ್ದ ಗುಂಡುಗಳನ್ನು ನೋಡಿದರು.

"ಇವು ನಮ್ಮವಲ್ಲ," ಅಂದರು. "ಬೇರೆ ಯಾರೋ ಮಾಡುತ್ತಿದ್ದಾರೆ."

ಒಳ್ಳೆಯವೇ ಅಂತ ನಾನು ಕೇಳಿದೆ. ಫೋಟೋದಲ್ಲಿ ಹೇಳಲಾಗುವುದಿಲ್ಲ ಅಂದರು. ಆದರೂ ಫೋನನ್ನು ಹಿಂದಿರುಗಿಸದೆ ಬಹಳ ಹೊತ್ತು ಹಿಡಿದುಕೊಂಡಿದ್ದರು. ಕಾಕಾ ಅದನ್ನು ವಾಪಸ್ ಕೇಳಲಿಲ್ಲ, ಸಾರು ಬಡಿಸುತ್ತಾ ಮುಂದಕ್ಕೆ ಹೋದರು.