ಸಮವಾಗಿಹೋದ ಹಾಸಿಗೆ

ಇನ್ನೂ ಬೆಳಕು ಹರಿದಿಲ್ಲ. ಶೆಡ್ಡಿನ ಕಿಟಕಿಗಳೆಲ್ಲ ಮುಚ್ಚಿವೆ. ಗಾಳಿ ನುಗ್ಗಿದರೆ ಹತ್ತಿ ಹಾರುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡ ಹಿರಿಯರೊಬ್ಬರು ಹಳೆಯ ಹಾಸಿಗೆಯ ಹೊಲಿಗೆ ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಕೈಯಿಂದ ಬಿಡಿಸಿ ಹಿಂಜುವ ಯಂತ್ರದ ಬಾಯಿಗೆ ಕೊಡುತ್ತಿದ್ದಾರೆ. ಆಚೆ ಬದಿಯಿಂದ ಅದು ನೊರೆಯಂತೆ ಉಕ್ಕಿ ಬೀಳುತ್ತಿದೆ. ಬೀದಿಯವರಿಗೆಲ್ಲ ಇವರು ಹತ್ತಿ ಮಾಮ. "ಹುಬ್ಬಲ್ಲಿ ನರೆ ಯಾವುದು, ಹತ್ತಿ ಯಾವುದು ಅಂತ ನಂಗೇ ಗೊತ್ತಾಗಲ್ಲ," ಎಂದು ನಗುತ್ತಾರೆ.

ದಿನಕ್ಕೆ ಎರಡು ಹಾಸಿಗೆ, ಮೈಯಲ್ಲಿ ಕಸುವಿದ್ದರೆ ಮೂರು. ಅಪ್ಪನಿಂದ ಬಂದ ಕಸುಬು. ಜೊತೆಗೆ ಬಂದ ಕೆಮ್ಮೂ ಕಾಯಂ. ಸ್ಪಂಜಿನ ಹಾಸಿಗೆ ಬಂದ ಮೇಲೆ ಗಿರಾಕಿಗಳು ಅರ್ಧಕ್ಕರ್ಧ ಕಡಿಮೆ. ಬರುವುದರಲ್ಲಿ ಕೆಲವು ತೀರಿಕೊಂಡವರ ಹಾಸಿಗೆಗಳು. ಅವನ್ನು ಮಾತ್ರ ಮಾಮ ಕೂಡಲೇ ಮುಟ್ಟುವುದಿಲ್ಲ. "ಇಷ್ಟು ಬೇಗ ಬೇಡ, ಸ್ವಲ್ಪ ದಿನ ಬಿಟ್ಟು ತನ್ನಿ," ಎನ್ನುತ್ತಾರೆ. ಕೆಲವರು ಮುಖ ಸಿಂಡರಿಸಿಕೊಂಡು ಬೇರೆ ಅಂಗಡಿ ಹುಡುಕಿಕೊಂಡು ಹೋಗುತ್ತಾರೆ.

ಕಾರಣ ಕೇಳಿದರೆ ಯಂತ್ರ ನಿಲ್ಲಿಸುತ್ತಾರೆ. ಅವರ ಹೆಂಡತಿ ಬಹಳ ಕಾಲ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದರು. "ಬೆನ್ನಿಗೆ ಗಂಟು ಒತ್ತುತ್ತೆ, ಒಂದ್ಸಲ ಹಿಂಜಿಕೊಡಿ ಅಂತಿದ್ಲು. ದುಡಿದು ಬಂದ ನಂಗೆ ಕಲ್ಲಿನ ಮೇಲೂ ನಿದ್ದೆ. ಗಿರಾಕಿದು ಮುಗೀಲಿ, ನಾಳೆ ನೋಡೋಣ ಅಂತಿದ್ದೆ. ಊರವ್ರಿಗೆಲ್ಲ ಮೆತ್ತಗೆ ಮಾಡಿಕೊಟ್ಟೆ. ಅವಳು ಗಂಟಿನ ಮೇಲೇ ಹೋದ್ಲು."

ಮಣ್ಣು ಮಾಡಿ ಬಂದ ಮರುದಿನವೇ, ತಪ್ಪು ತಿದ್ದುವವರಂತೆ, ಮಾಮ ಆ ಹಾಸಿಗೆ ಬಿಚ್ಚಿದರು. ಮಗಳು ಬಾಗಿಲಲ್ಲಿ ನಿಂತು "ಅಪ್ಪಾ, ಇವತ್ತೇ ಯಾಕೆ?" ಎಂದಳಂತೆ. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ.

"ರಾತ್ರಿ ಮಲಗಿ ಪಕ್ಕಕ್ಕೆ ಕೈ ಚಾಚಿದೆ. ಎಲ್ಲಾ ಸಮ. ಅವಳು ಮಲಗಿ ಮಲಗಿ ಒಂದು ತಗ್ಗು ಬಿದ್ದಿತ್ತು, ಮೊಣಕಾಲು ಮಡಚ್ತಿದ್ದ ಜಾಗ ಸಮೇತ. ಅದನ್ನ ನನ್ನ ಕೈಯಾರೆ ಅಳಿಸಿಬಿಟ್ಟಿದ್ದೆ."

ಅಂದಿನಿಂದ ಮಾಮ ಮಲಗುವುದು ಚಾಪೆಯ ಮೇಲೆ. ದುಃಖ ಕಡಿಮೆಯಾಯಿತೇ ಎಂದರೆ ಮೂಗಿನ ಬಟ್ಟೆ ಕೆಳಗೆಳೆದು ಹೇಳುತ್ತಾರೆ, "ಅಳು ನಿಂತಿದೆ. ಅದು ಬೇರೆ, ಇದು ಬೇರೆ."

ಕಳೆದ ವರ್ಷ ಬಸ್ ಚಾಲಕನೊಬ್ಬ ಹೆಂಡತಿ ಸತ್ತ ವಾರದಲ್ಲೇ ಹಾಸಿಗೆ ಹೊತ್ತು ತಂದಿದ್ದ. "ಕಣ್ಮುಂದೆ ಇದ್ರೆ ಆಗಲ್ಲ ಮಾಮ, ಬಿಚ್ಚಿಬಿಡಿ," ಎಂದು ಕೂಗಾಡಿದ. ಮಾಮ ತಮ್ಮ ಕಥೆ ಹೇಳಿದರು. ಆತ ಬೈದುಕೊಂಡೇ ಹಾಸಿಗೆ ಸುತ್ತಿ ಭುಜಕ್ಕೇರಿಸಿಕೊಂಡು ಹೋದ. ಮೊನ್ನೆ ಅದನ್ನೇ ಹೊತ್ತು ಮತ್ತೆ ಬಂದ. "ಈಗ ಬಿಚ್ಚಿ," ಅಂದ. ಮಾಮ ಕತ್ತರಿ ಇಡುವ ಮೊದಲು ಆತ ಅದರ ಮೇಲೆ ಒಮ್ಮೆ ಅಂಗೈ ಆಡಿಸಿದ. ಕೆಲಸ ಮುಗಿಯುವ ತನಕ ಬಾಗಿಲ ಬಳಿಯೇ ಕೂತಿದ್ದ.

"ಆ ಹಾಸಿಗೆ ಚೆನ್ನಾಗಿ ಬಂತು," ಎನ್ನುತ್ತಾರೆ ಮಾಮ, ಉದ್ದನೆಯ ಸೂಜಿಗೆ ದಾರ ಪೋಣಿಸುತ್ತ. "ಹೊಲಿಗೆ ಒಂದೂ ಸೊಟ್ಟ ಆಗ್ಲಿಲ್ಲ."