ಹೊಡೆದು ಹಾಕಿದ ಹೆಸರು

ಗ್ರಂಥಾಲಯದ ಪಟ್ಟಿಯಲ್ಲಿ ಹೀಗೆ ಬರೆದಿತ್ತು: ‘ಗುಡಿ ಕಂಬಗಳ ರೇಖಾಚಿತ್ರಗಳು, ಲೇಖಕಿಯ ಸ್ವಹಸ್ತ. ಅಂಚಿನಲ್ಲಿ ಅರ್ಥವಾಗದ ಗುರುತುಗಳು.’

ಆ ಗುರುತುಗಳು ನನಗೆ ಅರ್ಥವಾದವು. ಅವು ಉರ್ದು ಅಂಕಿಗಳು. ಬರೆದವರು ನನ್ನ ಅಬ್ಬಾ.

ಲಕ್ಷ್ಮೇಶ್ವರದಲ್ಲಿ ಅಬ್ಬಾ ಮಂಚದ ಕಾಲು, ತೊಟ್ಟಿಲ ಕಾಲು ಕಡೆಯುತ್ತಿದ್ದರು. ನಾನು ಹೈಸ್ಕೂಲಿನಲ್ಲಿದ್ದಾಗ, ಹಳೆಯ ಗುಡಿಗಳ ಮೇಲೆ ಪುಸ್ತಕ ಬರೆಯುತ್ತಿದ್ದ ಕಲಾ ಇತಿಹಾಸಕಾರ್ತಿಯೊಬ್ಬರು ನಮ್ಮ ಅಂಗಡಿಯ ಮುಂದೆ ನಿಂತರು. ಕಲ್ಲಿನ ಕಂಬಕ್ಕೆ ಬಳೆ ತೊಡಿಸಿದಂತೆ ಅಷ್ಟು ನುಣುಪಾದ ಸುತ್ತುಗಳು ಹೇಗೆ ಬಂದವೆಂಬುದು ಅವರ ಪ್ರಶ್ನೆ. ಅಬ್ಬಾ ತಿರುಗುವ ಕಟ್ಟಿಗೆಗೆ ಉಳಿ ಹಿಡಿದು ತೋರಿಸಿದರು.

“ನೋಡ್ರಿ ಅಕ್ಕಾರ, ಕಲ್ಲೂ ಹಿಂಗ ತಿರಗೇತಿ. ಉಳಿ ನಿಂತಲ್ಲೇ ನಿಂತೈತಿ.”

ಮುಂದೆ ಎರಡು ವರ್ಷ ಇಬ್ಬರೂ ಗದಗ, ಮುಂಡರಗಿ ಕಡೆಯ ಗುಡಿಗಳನ್ನು ಬಸ್ಸಿನಲ್ಲಿ ಸುತ್ತಿದರು. ಅಬ್ಬಾ ಅಳೆದು ಚಿತ್ರ ತೆಗೆದರು, ಅವರು ಟಿಪ್ಪಣಿ ಬರೆದರು. ಊಟ ನಮ್ಮ ಮನೆಯಲ್ಲೇ. ನನ್ನ ಓದು ನಿಲ್ಲಿಸಬಾರದೆಂದು ಅಮ್ಮಿಯ ಜೊತೆ ಜಗಳ ಆಡಿದವರೂ ಅವರೇ. ಪುಸ್ತಕ ಬಂದಾಗ ಅಬ್ಬಾನ ಹೆಸರು ಅದರಲ್ಲಿರಲಿಲ್ಲ. ಮರೆತಿರಬೇಕು ಎಂದುಕೊಂಡೆವು.

ಆ ಲೇಖಕಿ ತೀರಿಕೊಂಡ ಮೇಲೆ ಅವರ ಕಾಗದಪತ್ರಗಳು ವಿಶ್ವವಿದ್ಯಾಲಯದ ಗ್ರಂಥಾಲಯ ಸೇರಿದವು. ಮುಂಡರಗಿಯ ಶಾಲೆಯೊಂದರಲ್ಲಿ ಕಲಿಸುವ ನಾನು ಬೇಸಿಗೆ ರಜೆಯಲ್ಲಿ ಅವನ್ನು ನೋಡಲು ಹೋಗಿದ್ದೆ.

“ಇವು ನಮ್ಮ ಅಬ್ಬಾ ತಗದ ಚಿತ್ರ. ಪಟ್ಟಿ ತಿದ್ರಿ” ಎಂದೆ.

“ಬಾಯಿಮಾತಿಗೆ ತಿದ್ದಾಕ ಬರೂದಿಲ್ರಿ. ಪುರಾವೆ ಬೇಕು” ಎಂದರು ಗ್ರಂಥಪಾಲಕರು.

“ಹಂಗಾರ ಎಲ್ಲಾ ಪೆಟಗಿ ತಗಸ್ರಿ. ಹುಡಕತೀನಿ.”

ನಾಲ್ಕನೆಯ ದಿನ ಮುನ್ನುಡಿಯ ಕರಡು ಸಿಕ್ಕಿತು. ‘ಈ ಚಿತ್ರಗಳನ್ನೆಲ್ಲ ಬರೆದುಕೊಟ್ಟವರು’ ಎಂದು ಶುರುವಾಗಿ ಅಬ್ಬಾನ ಪೂರ್ತಿ ಹೆಸರು, ಊರು. ಅದರ ಮೇಲೆ ಹಸಿರು ಶಾಯಿಯ ಗೆರೆ. ಪಕ್ಕದಲ್ಲಿ ‘ಸ್ಥಳೀಯ ಬಡಗಿಯೊಬ್ಬ’ ಎಂದು ಬರೆದು ಅದನ್ನೂ ಹೊಡೆದಿದ್ದರು. ಮರೆತಿರಲಿಲ್ಲ. ನನಗೆ ಮೊದಲ ನಿಘಂಟು ಕೊಡಿಸಿದ ಕೈಯೇ ಈ ಗೆರೆ ಎಳೆದಿತ್ತು.

ಅಬ್ಬಾಗೆ ಫೋನ್ ಮಾಡಿ ಹೇಳಿದೆ.

“ಬಿಡ ಬೇಟಾ. ಸತ್ತವರ ಮ್ಯಾಲೆ ಎಂಥಾ ಸಿಟ್ಟು? ನಮ್ಮ ಮನ್ಯಾಗ ಉಂಡವರು.”

“ಉಂಡ ಮನಿಯವರ ಹೆಸರ ಹೊಡದಾರ ಅಬ್ಬಾ. ನಾ ಬಿಡಾಂಗಿಲ್ಲ.”

ಗ್ರಂಥಪಾಲಕರು ಕರಡನ್ನು ಎರಡು ಸಲ ಓದಿದರು. “ದೊಡ್ಡವರ ಹೆಸರಿಗೆ ಧಕ್ಕಿ ಬರತೈತ್ರಿ. ಸಹಾಯಕರು ಅಂತ ಬರಿಯೂಣೇನು?”

“ಸಹಾಯ ಅಲ್ರಿ, ಅವರು ಕೆಲಸ ಮಾಡ್ಯಾರ. ಚಿತ್ರ ತಗದವರು ಅಂತ ಬರೀರಿ. ಈ ಹೊಡದ ಹಾಳಿನೂ ಪಟ್ಟಿಗೆ ಸೇರಸ್ರಿ.”

ಅರ್ಜಿ ಬರೆದುಕೊಟ್ಟು ಅಲ್ಲೇ ಕುಳಿತೆ. ಚಿತ್ರಗಳ ಅಂಚಿನ ಒಂದೊಂದೇ ಅಂಕಿ ಓದಿ ಹೇಳಿದೆ. ಗ್ರಂಥಪಾಲಕರು ಲೇಖಕಿಯ ಟಿಪ್ಪಣಿಯ ಅಳತೆಗೆ ತಾಳೆ ನೋಡಿದರು. ಎಲ್ಲ ಮುಗಿದಾಗ ಕನ್ನಡಕ ತೆಗೆದು, “ಒಂದೂ ತಪ್ಪಿಲ್ಲಲ್ರಿ” ಎಂದರು. ಮರುವಾರ ಪಟ್ಟಿ ಬದಲಾಯಿತು.

ಅಬ್ಬಾನನ್ನು ಕರೆದುಕೊಂಡು ಹೋದೆ. ತಮ್ಮ ಚಿತ್ರಗಳನ್ನು ಬೇಗ ಬೇಗ ಮಗುಚಿದರು. ಹೊಡೆದ ಹಾಳೆಯ ಮುಂದೆ ಮಾತ್ರ ನಿಂತರು.

“ಮೊದಲ ಬರದಿದ್ರು, ಖರೆ ಅಲ್ಲ?”

“ಬರದಿದ್ರು. ಆಮ್ಯಾಲೆ ಹೊಡದ್ರು.”

ಅಬ್ಬಾ ಕ್ಷಮಿಸಿಬಿಟ್ಟರೆಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ಅದು ಅವರಿಗೆ ಬಿಟ್ಟದ್ದು. ನಾನು ಓದಿದ್ದು ಆ ಹೆಣ್ಣುಮಗಳಿಂದ. ಅದನ್ನು ಎಲ್ಲರ ಮುಂದೆಯೂ ಹೇಳುತ್ತೇನೆ. ಆ ಹಸಿರು ಗೆರೆಯ ವಿಷಯವನ್ನೂ ಹೇಳುತ್ತೇನೆ.