ಮೂಗು ಮುರಿಯದ ಗಿರಾಕಿ

ಹಳೇ ಕುರ್ಚಿ, ಮೇಜು, ಮಂಚ ಕೊಂಡು ಮಾರುವ ಅಂಗಡಿಯವಳನ್ನು ಬೀದಿಯವರೆಲ್ಲ ಕುರ್ಚಿ ಅಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆಂಟು ವರ್ಷದ ವ್ಯಾಪಾರ ಅವಳಿಗೆ ಕಲಿಸಿದ್ದು ಮುಖ್ಯವಾಗಿ ಒಂದೇ: ನಿಜವಾಗಿ ಕೊಳ್ಳುವವನು ಮೊದಲು ಮೂಗು ಮುರಿಯುತ್ತಾನೆ. ಕಾಲು ಅಲ್ಲಾಡುತ್ತೆ ಅನ್ನುತ್ತಾನೆ, ಡ್ರಾಯರ್ ಎಳೆದು ನೋಡುತ್ತಾನೆ, ಬಗ್ಗಿ ಗೆದ್ದಲು ಹುಡುಕುತ್ತಾನೆ. ಆಹಾ ಓಹೋ ಎಂದು ಹೊಗಳುವವರು ಮಳೆ ನಿಲ್ಲುವ ತನಕ ಒಳಗೆ ನಿಂತು ಹೋಗುವವರು, ಅಷ್ಟೇ.

ಅವಳ ಗಂಡನಿಗೆ ಮಾತ್ರ ಈ ಪಾಠ ಹತ್ತಲಿಲ್ಲ. ಅಂಗಡಿಯ ಹಿಂದೆ ಕೂತು ಮರಕ್ಕೆ ಪಾಲಿಶ್ ಹೊಡೆಯುವ ಸಾಧು ಮನುಷ್ಯ. ಯಾರಾದರೂ ಸ್ವಲ್ಪ ಬೆಣ್ಣೆ ಹಚ್ಚಿದರೆ ಕರಗಿಬಿಡುತ್ತಿದ್ದ. ಹನ್ನೆರಡು ವರ್ಷದ ಹಿಂದೆ ಯಾರೋ ಪುಕ್ಕಟೆ ಊಟ ಹಾಕಿಸಿ, ಬೆಟ್ಟದ ಮೇಲಿನ ರೆಸಾರ್ಟಿನಲ್ಲಿ ವರ್ಷಕ್ಕೊಂದು ವಾರ ಒಂದು ಕೋಣೆ ನಿಮ್ಮದೇ ಎಂದು ಅವನಿಗೆ ಟೈಮ್‌ಶೇರ್ ಮಾರಿದ್ದರು. ಗಂಡ ಹೆಂಡತಿ ಅಲ್ಲಿಗೆ ಹೋದದ್ದು ಒಂದೇ ಸಲ. ಅಂದಿನಿಂದ ಅಕ್ಕ ಆ ಕೋಣೆಯ ಸುದ್ದಿ ಎತ್ತದ ದಿನವಿಲ್ಲ. ಕಿಟಕಿ ಮುಚ್ಚಲ್ಲ, ನಲ್ಲಿ ಸೋರುತ್ತೆ, ಹಾಸಿಗೆಯ ನಡುವೆ ತಗ್ಗು. ಅವನು ತಲೆ ಬಗ್ಗಿಸಿ ಪಾಲಿಶ್ ಹೊಡೆಯುತ್ತಿದ್ದ.

ಹೀಗಿರುವಾಗ ಒಂದು ಮಧ್ಯಾಹ್ನ ಯಾವುದೋ ಕಂಪನಿಯಿಂದ ಅವನಿಗೆ ಫೋನ್ ಬಂತು. ರೆಸಾರ್ಟಿನ ನಿಮ್ಮ ವಾರಕ್ಕೆ ಗಿರಾಕಿ ತಯಾರಿದ್ದಾರೆ, ಕೊಂಡದ್ದರ ಮೂರು ಪಟ್ಟು ಬೆಲೆ, ಕಾಗದಪತ್ರದ ಶುಲ್ಕ ಮಾತ್ರ ನೀವು ಇವತ್ತು ಸಂಜೆಯೊಳಗೆ ಕಳಿಸಬೇಕು. ಯಜಮಾನ ಹಿಗ್ಗಿ ಹೀರೇಕಾಯಿಯಾದ. ಫೋನ್ ಹಿಡಿದುಕೊಂಡೇ ಸುದ್ದಿ ಹೇಳಿ, ಎಷ್ಟೋ ವರ್ಷದ ಮೇಲೆ ಹೆಂಡತಿಯ ಮುಂದೆ ತಲೆಯೆತ್ತಿ ನಿಂತು, ಈಗೇನಂತೀಯ ಎಂಬಂತೆ ನೋಡಿದ.

ಅಕ್ಕನ ಕಿವಿ ನೆಟ್ಟಗಾಯಿತು. ಮಾರಾಟಕ್ಕಿದೆ ಅಂತ ನಾವು ಯಾರಿಗೂ ಹೇಳೇ ಇಲ್ಲವಲ್ಲ, ಇವರಿಗೇನು ಕನಸು ಬಿತ್ತೇ? ಮಾರುವವರೇ ಮೊದಲು ದುಡ್ಡು ಕೊಡುವ ವ್ಯಾಪಾರ ಯಾವ ಸಂತೆಯದು? ಆದರೆ ಬಾಯಿಬಿಟ್ಟು ಹೇಳಿದರೆ ಗಂಡ ಅದನ್ನೂ ಅವಳ ಕೊಂಕಿಗೆ ಸೇರಿಸುತ್ತಾನೆ. ಅದೂ ಅಲ್ಲದೆ, ಅಷ್ಟು ಖುಷಿಯ ಮುಖಕ್ಕೆ ತಾನೇ ತಣ್ಣೀರು ಎರಚಲು ಅವಳಿಗೆ ಮನಸ್ಸು ಬರಲಿಲ್ಲ. ಫೋನ್ ಇಸಕೊಂಡು ಸ್ಪೀಕರ್ ಹಾಕಿದಳು.

ಕಿಟಕಿ ಮುಚ್ಚುವುದಿಲ್ಲ ಎಂದಳು. ಪರವಾಗಿಲ್ಲ ಮೇಡಂ ಎಂದಿತು ಆ ಕಡೆಯ ದನಿ. ನಲ್ಲಿಯ ಕಥೆ, ಹಾಸಿಗೆಯ ಕಥೆ ಎಲ್ಲ ಒಪ್ಪಿಸಿದಳು. ಎಲ್ಲದಕ್ಕೂ ಅದೇ ಪರವಾಗಿಲ್ಲ. ಅಕ್ಕ ಕೊನೆಗೊಂದು ಹಸಿ ಸುಳ್ಳು ಬಿಟ್ಟಳು.

"ಹೋದ ವರ್ಷ ಬೆಟ್ಟ ಕುಸಿದು ಆ ಕಟ್ಟಡಾನೇ ಬಿದ್ದುಹೋಯ್ತಪ್ಪಾ. ಕೋಣೆ ಈಗಿಲ್ಲ."

"ನಮ್ಮ ಗಿರಾಕಿಗೆ ಅಂಥದ್ದೇ ಬೇಕಂತೆ ಮೇಡಂ. ಶುಲ್ಕ ಯಾವಾಗ ಕಳಿಸ್ತೀರಿ?"

ಗಂಡ ಪಾಲಿಶ್ ಮೆತ್ತಿದ ಕೈ ಚಾಚಿ ತಾನೇ ಫೋನ್ ಕಟ್ ಮಾಡಿದ. ಟೋಪಿ ಹಾಕಿಸಿಕೊಳ್ಳುವುದು ತಪ್ಪಿತು, ಸರಿ. ಮುಖ ಮಾತ್ರ ಸಪ್ಪಗಾಗಿತ್ತು.

"ಹಾಗಾದ್ರೆ ಅದು ಬೇಕು ಅನ್ನೋರು ಯಾರೂ ಇಲ್ಲ ಅನ್ನು," ಎಂದ.

ಅಕ್ಕ ಅವನ ಪಕ್ಕದ ಕಾಲಿಲ್ಲದ ಮಂಚದ ಮೇಲೆ ಕೂತಳು.

"ಹನ್ನೆರಡು ವರ್ಷದಿಂದ ಅದಕ್ಕೆ ಮೂಗು ಮುರೀತಾ ಇರೋಳು ಒಬ್ಬಳಿದ್ದಾಳಲ್ಲ ರೀ," ಎಂದಳು. "ನಲ್ಲಿಗೊಂದು ವಾಷರು, ಕಿಟಕಿಗೊಂದು ಸ್ಕ್ರೂಡ್ರೈವರ್ ಚೀಲಕ್ಕೆ ಹಾಕ್ಕೊಳ್ಳಿ. ನಮ್ಮ ವಾರ ಈ ಸಲ ಯಾವತ್ತು ಶುರು?"

ಅವನು ಯಾವ ಕಾಗದವನ್ನೂ ನೋಡದೆ ತಾರೀಖು ಹೇಳಿದ.